ಮೇಜಿನ ಮೇಲಿನ ಮಿಲ್ಲಿಂಗ್ ಮಷೀನ್: ಕೊಡಗಿನ ಮನೆಗೆ, ತೋಟಕ್ಕೆ ಯಾವುದು ಸರಿ?

ತಿರುಗುವ ಕಟ್ಟರಿನಿಂದ ಲೋಹ, ಮರ ಕೊರೆಯುವ ಡೆಸ್ಕ್‌ಟಾಪ್ ಮಿಲ್ಲಿಂಗ್ ಮಷೀನ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಜಾತಿಯ ಯಂತ್ರಗಳು ಮಾರಾಟಕ್ಕಿವೆ. ಒಂದು, 3018 ಎಂದು ಕರೆಯುವ ಪುಟ್ಟ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಓಡುವ) ಕಿಟ್. ಎರಡನೆಯದು, 6040 ಅಳತೆಯ ಸಿಎನ್‌ಸಿ ರೌಟರ್. ಮೂರನೆಯದು ಕೈಯಿಂದ ಚಕ್ರ ತಿರುಗಿಸಿ ನಡೆಸುವ, ಬೀಡುಕಬ್ಬಿಣದ ಮಿನಿ ಮಿಲ್. ಎಕ್ಸ್2 ಮಾದರಿ ಎಂದರೆ ವ್ಯಾಪಾರಿಗಳಿಗೆ ಅರ್ಥವಾಗುತ್ತದೆ. ಫೋಟೋದಲ್ಲಿ ಮೂರೂ ಲೋಹ ಕೊರೆಯುತ್ತಿರುವಂತೆಯೇ ಕಾಣುತ್ತವೆ. ಒಂದರ ಕೆಲಸ ಇನ್ನೊಂದಕ್ಕೆ ಆಗುವುದಿಲ್ಲ ಎಂಬುದು ದುಡ್ಡು ಕೊಟ್ಟ ಮೇಲೆ ಗೊತ್ತಾಗುತ್ತದೆ.

ಕೊಳ್ಳುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಹಾಕಿ ನೋಡಿ. ಕಟ್ಟರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಎಂಬುದು ಕೊರೆಯುವ ವಸ್ತುವಿನ ಮೇಲೆ, ಕಟ್ಟರಿನ ವ್ಯಾಸದ ಮೇಲೆ ನಿಂತಿದೆ: ಕತ್ತರಿಸುವ ವೇಗವನ್ನು (ಮೀಟರ್/ನಿಮಿಷ) 1000ದಿಂದ ಗುಣಿಸಿ, 3.14 ಮತ್ತು ವ್ಯಾಸಗಳ (ಮಿ.ಮೀ.) ಗುಣಲಬ್ಧದಿಂದ ಭಾಗಿಸಬೇಕು. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಕಟ್ಟರಿನಲ್ಲಿ ಎಂಎಸ್ (ಮೆದು ಉಕ್ಕು) ಕೊರೆಯಲು ಸುಮಾರು 25 ಮೀಟರ್ ಇಟ್ಟುಕೊಳ್ಳಿ. 10 ಮಿ.ಮೀ. ಕಟ್ಟರ್ ಆದರೆ ಸುಮಾರು 800 ಸುತ್ತು. 6 ಮಿ.ಮೀ. ಆದರೆ 1,300. ರೌಟರ್‌ಗಳ ಸ್ಪಿಂಡಲ್ (ಕಟ್ಟರ್ ಹಿಡಿದು ತಿರುಗುವ ಭಾಗ) 24,000 ಸುತ್ತಿನವರೆಗೆ ಹೋಗುತ್ತದೆ, ಆದರೆ 6,000–8,000ಕ್ಕಿಂತ ಕೆಳಗೆ ಇಳಿಸಿದರೆ ಅದರಲ್ಲಿ ಬಲ ಉಳಿಯುವುದಿಲ್ಲ. ಹಾಗಾಗಿ ಕಬ್ಬಿಣದ ಕೆಲಸ ಮಾಡಬೇಕಿದ್ದವರು ಹೆಚ್ಚು ಸುತ್ತಿನ ಸ್ಪಿಂಡಲ್ ಕಂಡು ಮರುಳಾಗಬಾರದು.

ಕೆಲಸ ಯಾವುದು?

ಪಂಪಿನ ಶಾಫ್ಟಿಗೆ ಕೀವೇ (ಪುಲ್ಲಿ ಜಾರದಂತೆ ಹಿಡಿಯುವ ಕೀ ಕೂರುವ ಕಾಲುವೆ), ವೀಡ್ ಕಟ್ಟರಿನ ಮುರಿದ ಬ್ರ್ಯಾಕೆಟ್ಟಿಗೆ ಬದಲಿ, ಪಲ್ಪರಿನ ಬೇರಿಂಗ್ ಹೌಸಿಂಗ್ ಕೂರುವ ಪ್ಲೇಟಿನಲ್ಲಿ ಉದ್ದ ತೂತು. ತೋಟದ ಕೆಲಸ ಹೀಗೆ ಬರುತ್ತದೆ, ಅದಕ್ಕೆ ಮಿನಿ ಮಿಲ್ ಬೇಕು. ಹೋಂಸ್ಟೇ ಬೋರ್ಡು, ಮನೆತನದ ಹೆಸರಿನ ಫಲಕ, ತೇಗದ ಬಾಗಿಲಿನ ಮೇಲೆ ಕೆತ್ತನೆ, ಅಕ್ರಿಲಿಕ್ ಅಕ್ಷರ ಇವೆಲ್ಲ 6040ರ ಪಾಲು. ಸಣ್ಣ ಸರ್ಕ್ಯೂಟ್ ಬೋರ್ಡು, ಹಿತ್ತಾಳೆ ಟ್ಯಾಗ್, ಮಕ್ಕಳಿಗೆ ಸಿಎನ್‌ಸಿ ಕಲಿಸುವುದು ಇಷ್ಟಾದರೆ 3018 ಸಾಕು.

ವರ್ಷಕ್ಕೆ ಎರಡೋ ಮೂರೋ ಕೀವೇ ಮಾತ್ರ ಬೇಕಾದವರು ಯಾವ ಯಂತ್ರವನ್ನೂ ಕೊಳ್ಳಬೇಡಿ, ಪೇಟೆಯ ಲೇತ್ ವರ್ಕ್ಸ್‌ಗೆ ಕೊಡಿ. ಇನ್ನೊಂದು ಯೋಚನೆ ಹಲವರ ತಲೆಯಲ್ಲಿ ಓಡುತ್ತದೆ: ಮನೆಯಲ್ಲಿರುವ ಬೆಂಚ್ ಡ್ರಿಲ್ಲಿಗೆ ಕ್ರಾಸ್ ವೈಸ್ ಕೂರಿಸಿ ಮಿಲ್ಲಿಂಗ್ ಮಾಡುವುದು. ಡ್ರಿಲ್ ಚಕ್ ನಿಂತಿರುವುದು ಟೇಪರಿನ, ಎಂದರೆ ತುದಿಗೆ ಕಿರಿದಾಗುವ ಜೋಡಣೆಯ, ಹಿಡಿತದ ಮೇಲೆ. ಕಟ್ಟರ್ ಪಕ್ಕಕ್ಕೆ ಎಳೆದಾಗ ಆ ಹಿಡಿತ ಸಡಿಲಗೊಂಡು ಚಕ್ ತಿರುಗುತ್ತಲೇ ಕಳಚಿ ಬೀಳುತ್ತದೆ. ಇದು ಹಣ ಉಳಿತಾಯದ ದಾರಿಯಲ್ಲ.

ಕೋವಿ ಇರುವ ಮನೆಗಳವರಿಗೆ ಒಂದು ಮಾತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಸಿಕ್ಕಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ತಯಾರಿಕೆಗೆ, ರಿಪೇರಿಗೆ ಬೇರೆಯೇ ಲೈಸೆನ್ಸ್ ಬೇಕು. ಕೋವಿಯ ಬಿಡಿಭಾಗಗಳನ್ನು ಈ ಯಂತ್ರಕ್ಕೆ ಏರಿಸಬೇಡಿ. ಪೀಚೆಕತ್ತಿಯ ಹಿಡಿಗೆ ಚಿತ್ತಾರ ಕೆತ್ತಲು ಅಡ್ಡಿಯಿಲ್ಲ.

3018: ಕಲಿಕೆಗೆ ಒಳ್ಳೆಯದು, ಅದರಾಚೆಗೆ ಬೇಡ

300 × 180 ಮಿ.ಮೀ. ಹಾಸು, ಮೇಲೆ ಕೆಳಗೆ ಸುಮಾರು 45 ಮಿ.ಮೀ. ಓಡಾಟ, 24 ವೋಲ್ಟಿನ 775 ಮೋಟಾರು, ಕಟ್ಟರ್ ಹಿಡಿಯುವ ಇಆರ್11 ಕಾಲೆಟ್. ಜೋಡಿಸುವುದು ಒಂದು ಮಧ್ಯಾಹ್ನದ ಕೆಲಸ. ಮೊದಲು ತೊಂದರೆ ಬರುವುದು ಚೌಕಟ್ಟಿನಲ್ಲಿ. ಬೋಲ್ಟ್ ಬಿಗಿಯುವಾಗ ಗಂಟ್ರಿ (ಸ್ಪಿಂಡಲ್ ಹೊತ್ತ ಅಡ್ಡ ಚೌಕಟ್ಟು) ಓರೆಯಾದರೆ ಚೌಕ ಕತ್ತರಿಸಿದ್ದು ವಜ್ರಾಕಾರವಾಗಿ ಬರುತ್ತದೆ. 100 ಮಿ.ಮೀ. ಚೌಕ ಕೊರೆದು ಎರಡೂ ಕರ್ಣ ಅಳೆಯಿರಿ. ವ್ಯತ್ಯಾಸ ಕಂಡರೆ ಬೋಲ್ಟ್ ಸಡಿಲಿಸಿ ಮೂಲೆಮಟ್ಟ ಹಿಡಿದು ಮತ್ತೆ ಬಿಗಿಯಿರಿ.

ಅಲ್ಯೂಮಿನಿಯಂ ಕೊರೆಯುತ್ತದೆ ಎಂದು ಮಾರುವವರು ಹೇಳುವುದು ಸುಳ್ಳಲ್ಲ. ಆದರೆ ಒಂದು ಸಲಕ್ಕೆ 0.1–0.2 ಮಿ.ಮೀ. ಆಳ ಅಷ್ಟೇ. 5 ಮಿ.ಮೀ. ಪ್ಲೇಟ್ ಕತ್ತರಿಸಲು ಕನಿಷ್ಠ 25 ಸುತ್ತು ಹಾಕಬೇಕು. ಹೆದರಿ ಫೀಡ್ (ಕಟ್ಟರ್ ಮುಂದೆ ಸಾಗುವ ವೇಗ) ತೀರಾ ಕಡಿಮೆ ಮಾಡಿದರೂ ಕೆಟ್ಟದ್ದೇ. ಕಟ್ಟರ್ ಕತ್ತರಿಸುವುದನ್ನು ಬಿಟ್ಟು ಉಜ್ಜಲು ತೊಡಗುತ್ತದೆ, ಬಿಸಿಯಾದ ಅಲ್ಯೂಮಿನಿಯಂ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಕಟ್ಟರ್ ಮುರಿಯುತ್ತದೆ. ಒಂದೇ ಹಲ್ಲಿನ 3 ಮಿ.ಮೀ. ಕಟ್ಟರು 10,000 ಸುತ್ತಿನಲ್ಲಿ ಹಲ್ಲಿಗೆ 0.03 ಮಿ.ಮೀ. ಚಿಪ್ ತೆಗೆಯಬೇಕಾದರೆ ಫೀಡ್ ನಿಮಿಷಕ್ಕೆ 300 ಮಿ.ಮೀ. ಇರಬೇಕು. ಯಂತ್ರ ಅಷ್ಟು ತಾಳದೆ ನಡುಗಿದರೆ ಆಳ ಕಡಿಮೆ ಮಾಡಿ, ಫೀಡ್ ಮುಟ್ಟಬೇಡಿ. ಸೀಮೆಎಣ್ಣೆಯ ಹನಿ ಅಥವಾ ಡಬ್ಲ್ಯೂಡಿ-40 ಹಚ್ಚಿದರೆ ಮೆತ್ತುವುದು ಕಡಿಮೆ. ಗುಜರಿಯಲ್ಲಿ ಸಿಗುವ ಮೆದು ಅಲ್ಯೂಮಿನಿಯಂ ಶೀಟು ಅಂಟಂಟಾಗಿ ಬರುತ್ತದೆ, 6061 ದರ್ಜೆಯದು ಚೆನ್ನಾಗಿ ಚಿಪ್ ಬಿಡುತ್ತದೆ.

ಸರ್ಕ್ಯೂಟ್ ಬೋರ್ಡಿಗೆ ಮಾತ್ರ ಇದು ನಿಜಕ್ಕೂ ಯೋಗ್ಯ. ತಾಮ್ರದ ಪದರ ತೀರಾ ತೆಳು, ಬೋರ್ಡಿನ ಬಾಗು ಅದಕ್ಕಿಂತ ಹೆಚ್ಚು. ಕ್ಯಾಂಡಲ್ ತಂತ್ರಾಂಶದಲ್ಲಿರುವ ಹೈಟ್‌ಮ್ಯಾಪ್ ಬಳಸಿ ಮೊದಲು ಬೋರ್ಡಿನ ಏರುತಗ್ಗು ಅಳೆಸಿ, ಆಮೇಲೆ ಕೊರೆಯಿರಿ.

6040 ಮತ್ತು ಕನ್ನಡದ ಅಕ್ಷರ

ಇದರ ಹಾಸು 600 × 400 ಮಿ.ಮೀ. ಸುಮಾರು. ಕೊಳ್ಳುವಾಗ ಮೊದಲು ನೋಡಬೇಕಾದದ್ದು ರೈಲು. ಎರಡು ತುದಿಯಲ್ಲಷ್ಟೇ ಆಧಾರವಿರುವ ದುಂಡು ಸರಳು ನಡುವಿನಲ್ಲಿ ಬಾಗುತ್ತದೆ. ಉದ್ದಕ್ಕೂ ಆಧಾರವಿರುವ ದುಂಡು ರೈಲು ಪರವಾಗಿಲ್ಲ, ಚೌಕ ಲೀನಿಯರ್ ಗೈಡ್ ಇನ್ನೂ ಉತ್ತಮ. ಸ್ಕ್ರೂ ಬಾಲ್ ಸ್ಕ್ರೂ ಆಗಿರಲಿ; 1605 ಎಂದರೆ 16 ಮಿ.ಮೀ. ವ್ಯಾಸ, ಸುತ್ತಿಗೆ 5 ಮಿ.ಮೀ. ನಡೆ. ಸ್ಪಿಂಡಲ್ ನೀರು ತಂಪಿನದಾದರೆ ಸದ್ದು ಕಡಿಮೆ, ಆದರೆ ಬಕೆಟ್ಟಿನ ಪುಟ್ಟ ಪಂಪು ನಿಂತದ್ದು ಗೊತ್ತಾಗದೆ ಸ್ಪಿಂಡಲ್ ಸುಟ್ಟುಹೋಗುವುದುಂಟು. ನೀರು ವಾಪಸ್ ಬೀಳುವ ಕೊಳವೆಯ ತುದಿ ಕಣ್ಣಿಗೆ ಕಾಣುವಂತಿರಲಿ.

ಸ್ಪಿಂಡಲ್ಲಿನ ವೇಗ ನಿಯಂತ್ರಿಸುವ ವಿಎಫ್‌ಡಿ ಪೆಟ್ಟಿಗೆ ಬಂದ ಹಾಗೇ ಚಾಲೂ ಮಾಡಬೇಡಿ. 24,000 ಸುತ್ತಿನ ಸ್ಪಿಂಡಲ್ಲಿಗೆ 400 ಹರ್ಟ್ಜ್ ಬೇಕು, ಬೇಸ್ ಫ್ರೀಕ್ವೆನ್ಸಿಯೂ 400ಕ್ಕೆ ಇರಬೇಕು. ಅದು ಕಾರ್ಖಾನೆಯ 50 ಹರ್ಟ್ಜ್‌ನಲ್ಲೇ ಉಳಿದಿದ್ದರೆ ಕಡಿಮೆ ವೇಗದಲ್ಲೇ ಪೂರ್ತಿ ವೋಲ್ಟೇಜ್ ಹೋಗಿ ವೈಂಡಿಂಗ್ ಸುಡುತ್ತದೆ. ಸ್ಪಿಂಡಲ್ಲಿನ ಕೇಬಲ್ ಶೀಲ್ಡ್ ಇರುವುದನ್ನೇ ಹಾಕಿ ಅರ್ಥ್ ಮಾಡಿ. ಇಲ್ಲದಿದ್ದರೆ ಅದರ ವಿದ್ಯುತ್ ಗದ್ದಲ ಓಡಾಟದ ಕೊನೆ ತಿಳಿಸುವ ಲಿಮಿಟ್ ಸ್ವಿಚ್ಚಿನ ತಂತಿಗೆ ಹೊಕ್ಕು ಕೆಲಸದ ನಡುವೆ ಕಾರಣವಿಲ್ಲದೆ ಯಂತ್ರ ನಿಲ್ಲುತ್ತದೆ.

ಇನ್ನು ಬೋರ್ಡಿನ ಕೆಲಸ. ಹೊರನಾಡಿನ ಮಾರ್ಗದರ್ಶಿಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಎಷ್ಟೋ ಕೆತ್ತನೆ ತಂತ್ರಾಂಶಗಳಿಗೆ ಕನ್ನಡ ಯುನಿಕೋಡ್ ನೇರವಾಗಿ ಕೊಟ್ಟರೆ ಒತ್ತಕ್ಷರ ಅಡಿಗೆ ಇಳಿಯದೆ ಪಕ್ಕಕ್ಕೆ ಬಂದು ಕೂರುತ್ತದೆ, ಕೊಂಬು ದೀರ್ಘಗಳು ಕಳಚಿಕೊಳ್ಳುತ್ತವೆ. ಇಂಕ್‌ಸ್ಕೇಪಿನಲ್ಲಿ ಹೆಸರು ಟೈಪ್ ಮಾಡಿ, ಅಕ್ಷರ ಸರಿಯಾಗಿ ಕೂತಿದೆಯೇ ನೋಡಿ, ಅದನ್ನು ಪಾತ್ ಆಗಿ ಬದಲಾಯಿಸಿ, ಎಸ್‌ವಿಜಿ ಉಳಿಸಿ ಆಮೇಲೆ ಕೆತ್ತನೆ ತಂತ್ರಾಂಶಕ್ಕೆ ಕೊಡಿ. ಆಗ ಅದು ಬರೀ ಗೆರೆ, ಕೆಡಿಸಲು ಏನೂ ಉಳಿದಿಲ್ಲ. ಅಕ್ಷರಗಳು ಒಂದರ ಮೇಲೊಂದು ಹಾಯ್ದಿದ್ದರೆ ಯೂನಿಯನ್ ಮಾಡುವುದು ಮರೆಯಬೇಡಿ. ಮರೆತರೆ ಒತ್ತು ಕೂಡುವ ಜಾಗದಲ್ಲಿ ಕಟ್ಟರ್ ಎರಡು ಸಲ ಓಡಿ ಅಕ್ಷರದ ನಡುವೆಯೇ ಗೆರೆ ಬೀಳುತ್ತದೆ.

ಕನ್ನಡದ ದುಂಡು ಅಕ್ಷರಗಳ ಹೊಟ್ಟೆಯೊಳಗಿನ ಕಿಂಡಿ ಚಿಕ್ಕದು. ‘ಕ್ಷ’, ‘ಸ್ತ್ರ’ ಮುಂತಾದವುಗಳಲ್ಲಿ ಒತ್ತಿನ ಸಂದಿಗೆ 3.175 ಮಿ.ಮೀ. ಚಪ್ಪಟೆ ಕಟ್ಟರ್ ನುಗ್ಗುವುದೇ ಇಲ್ಲ. ತುದಿ ಚೂಪಾದ ವಿ-ಬಿಟ್ ಬಳಸಿ. ಅಕ್ಷರದ ಗೆರೆ 6 ಮಿ.ಮೀ. ಅಗಲವಿದ್ದರೆ 90 ಡಿಗ್ರಿ ಬಿಟ್ 3 ಮಿ.ಮೀ. ಆಳ ಇಳಿಯುತ್ತದೆ, 60 ಡಿಗ್ರಿಯದು ಸುಮಾರು 5.2. ತೆಳು ಹಲಗೆಗೆ 90, ದಪ್ಪ ತೇಗಕ್ಕೆ ನೆರಳು ಚೆನ್ನಾಗಿ ಬೀಳಲು 60. ಸಿಲ್ವರ್ ಓಕ್ ಅಗ್ಗವೇನೋ ಹೌದು, ಆದರೆ ನಾರಿಗೆ ಅಡ್ಡ ಕೊರೆದಾಗ ಅಂಚು ಸಿಬಿರೇಳುತ್ತದೆ. ಬಿಟ್ ಹೊಸದಿರಬೇಕು, ಕೊನೆಯ ಸುತ್ತು 0.2 ಮಿ.ಮೀ. ಮಾತ್ರ ತೆಗೆಯುವಂತಿರಬೇಕು. ಬೀಟೆಯ ಪುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ, ಮಾಸ್ಕ್ ಇಲ್ಲದೆ ಕೂರಬೇಡಿ.

ಕೆಳಗೆ ಹಾಸುವ ಎಂಡಿಎಫ್ ಹಲಗೆ ಮಳೆಗಾಲದಲ್ಲಿ ಉಬ್ಬುತ್ತದೆ. ಮೇ ತಿಂಗಳಲ್ಲಿ ಸಮ ಮಾಡಿದ್ದು ಜುಲೈಯಲ್ಲಿ ಸಮವಾಗಿರುವುದಿಲ್ಲ, ಅದರಲ್ಲೂ ಅಂಚುಗಳಲ್ಲಿ. ಅಂಚಿಗೆ ಪಾಲಿಶ್ ಹೊಡೆದು ಮುಚ್ಚಿ, ದೊಡ್ಡ ಕೆಲಸಕ್ಕೆ ಮೊದಲು 22 ಮಿ.ಮೀ. ಫೇಸಿಂಗ್ ಬಿಟ್ಟಿನಿಂದ 0.3 ಮಿ.ಮೀ. ಹೆರೆಯಿರಿ. ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ ಹಾಕಿದರೆ ಈ ತಾಪತ್ರಯವಿಲ್ಲ.

ಮಿನಿ ಮಿಲ್: ತೋಟದ ರಿಪೇರಿಗೆ ನಮ್ಮ ಆಯ್ಕೆ

ತೂಕ 50 ಕೆ.ಜಿ. ಆಸುಪಾಸು. ಆ ತೂಕವೇ ಅದರ ಗುಣ. ಕಟ್ಟರ್ ಕಬ್ಬಿಣಕ್ಕೆ ಕಚ್ಚಿದಾಗ ನಡುಗದೆ ನಿಲ್ಲುವುದಕ್ಕೆ ಬೇರೆ ಉಪಾಯವಿಲ್ಲ. ಕಂಬ ಎರಡು ಥರ ಬರುತ್ತದೆ. ಓರೆ ಮಾಡಬಹುದಾದ ಕಂಬ ಹಿಂದೆ ಒಂದೇ ದೊಡ್ಡ ನಟ್ಟಿನ ಮೇಲೆ ನಿಂತಿರುತ್ತದೆ, ಆಳವಾಗಿ ಕೊರೆದಾಗ ಬಾಗುತ್ತದೆ. ಓರೆ ಮಾಡುವ ಸಂದರ್ಭ ಬರುವುದೇ ಅಪರೂಪ, ಸ್ಥಿರ ಕಂಬದ್ದನ್ನೇ ಕೇಳಿ. ಸ್ಪಿಂಡಲ್ಲಿನ ಟೇಪರ್ ಆರ್8 ಆದರೆ ಕಾಲೆಟ್ ಸಲೀಸಾಗಿ ಬಿಡುತ್ತದೆ. ಎಂಟಿ3 ಕಚ್ಚಿ ಹಿಡಿಯುತ್ತದೆ, ಪ್ರತಿ ಸಲ ಡ್ರಾಬಾರಿಗೆ (ಕಾಲೆಟ್ಟನ್ನು ಮೇಲಿಂದ ಎಳೆದು ಹಿಡಿಯುವ ಸರಳು) ಸುತ್ತಿಗೆ ಏಟು ಬೇಕು, ಆ ಏಟು ಬೇರಿಂಗಿಗೆ ಒಳ್ಳೆಯದಲ್ಲ. ಗೇರ್ ಇರುವ ಮಾದರಿಗಳಲ್ಲಿ ಪ್ಲಾಸ್ಟಿಕ್ ಗೇರು ಕಟ್ಟರ್ ಸಿಕ್ಕಿಹಾಕಿಕೊಂಡಾಗ ಹಲ್ಲು ಕಳೆದುಕೊಳ್ಳುತ್ತದೆ. ಮೋಟಾರು ಉಳಿಯಲಿ ಎಂದೇ ಅದನ್ನು ಹಾಗೆ ಮಾಡಿದ್ದು, ಆದರೆ ಒಂದು ಜೊತೆ ಬದಲಿ ಗೇರು ಯಂತ್ರದ ಜೊತೆಗೇ ತರಿಸಿ. ಬೆಲ್ಟ್ ಮಾದರಿ ಸಿಕ್ಕರೆ ಅದೇ ಆಗಲಿ.

ಯಂತ್ರದ ಬೆಲೆಯ ಅರ್ಧದಷ್ಟನ್ನಾದರೂ ಉಪಕರಣಗಳಿಗೆ ಎತ್ತಿಡಬೇಕು. 75 ಮಿ.ಮೀ. ದವಡೆಯ ಮಿಲ್ಲಿಂಗ್ ವೈಸ್ ತನ್ನಿ. ಡ್ರಿಲ್ಲಿಂಗ್ ವೈಸ್ ಬೇಡ, ಬಿಗಿದಾಗ ಅದರ ಓಡುವ ದವಡೆ ಮೇಲೇಳುತ್ತದೆ. ಕ್ಲಾಂಪ್ ಸೆಟ್ ಕೊಳ್ಳುವ ಮೊದಲು ಟೇಬಲ್ಲಿನ ಟಿ-ಸ್ಲಾಟ್ ಅಗಲ ಅಳೆಯಿರಿ. 6, 8, 10 ಮಿ.ಮೀ. ಎಂಡ್ ಮಿಲ್: ಅಲ್ಯೂಮಿನಿಯಂಗೆ ಎರಡು ಹಲ್ಲಿನದು, ಕಬ್ಬಿಣಕ್ಕೆ ನಾಲ್ಕು ಹಲ್ಲಿನದು. ಕಾರ್ಬೈಡ್ ಕಟ್ಟರ್ ಸದ್ಯಕ್ಕೆ ಬೇಡ, ಪ್ಲೇ (ಸಡಿಲ) ಇರುವ ಸಣ್ಣ ಯಂತ್ರದಲ್ಲಿ ಅದರ ಅಂಚು ಉದುರುತ್ತದೆ. 0.01 ಮಿ.ಮೀ. ಡಯಲ್ ಗೇಜ್ ಮತ್ತು ಮ್ಯಾಗ್ನೆಟ್ ಬೇಸ್ ಇಲ್ಲದೆ ಯಂತ್ರ ಇದ್ದೂ ಇಲ್ಲದಂತೆ.

ಮೊದಲ ಕೆಲಸ ಟ್ರ್ಯಾಮ್, ಎಂದರೆ ಸ್ಪಿಂಡಲ್ ಟೇಬಲ್ಲಿಗೆ ಲಂಬವಾಗಿ ನಿಲ್ಲುವಂತೆ ಮಾಡುವುದು. ಸ್ಪಿಂಡಲ್ಲಿಗೆ ಒಂದು ಸರಳು ಕಚ್ಚಿಸಿ ಡಯಲ್ ಗೇಜ್ ಕಟ್ಟಿ, ಪ್ಲಗ್ ಕಿತ್ತು, ಕೈಯಿಂದ ಸ್ಪಿಂಡಲ್ ತಿರುಗಿಸಿ ಟೇಬಲ್ ಮೇಲೆ ಸುಮಾರು 150 ಮಿ.ಮೀ. ಹರವಿನಲ್ಲಿ ಎಡಬಲ ಓದಿ. ಟೇಬಲ್ಲಿನ ಅಗಲ ಅಷ್ಟಿಲ್ಲದ ಕಾರಣ ಹಿಂದುಮುಂದಿನ ಓದು ಚಿಕ್ಕ ಹರವಿನಲ್ಲಿ ಸಾಕು. ವ್ಯತ್ಯಾಸ 0.03ಕ್ಕಿಂತ ಹೆಚ್ಚಿದ್ದರೆ ಕಂಬದ ಬೋಲ್ಟ್ ಸಡಿಲಿಸಿ, ಅಡಿಗೆ ತೆಳು ತಗಡಿನ ಶಿಮ್ ಕೊಟ್ಟು ಬಿಗಿಯಿರಿ, ಮತ್ತೆ ಓದಿ. ಬಿಗಿಯುವಾಗಲೇ ಸ್ವಲ್ಪ ಸರಿಯುತ್ತದೆ, ಬೇಸರ ಬೇಡ. ಆಮೇಲೆ ವೈಸಿನ ಸ್ಥಿರ ದವಡೆಯನ್ನು ಅದೇ ಗೇಜಿನಿಂದ ನೇರ ಮಾಡಿ.

20 ಮಿ.ಮೀ. ಶಾಫ್ಟಿಗೆ ಕೀವೇ ಹಾಕುವುದನ್ನೇ ನೋಡೋಣ. 17ರಿಂದ 22 ಮಿ.ಮೀ. ಶಾಫ್ಟಿಗೆ 6 × 6 ಕೀ, ಶಾಫ್ಟಿನಲ್ಲಿ ಆಳ 3.5 ಮಿ.ಮೀ. ನೇರವಾಗಿ 6 ಮಿ.ಮೀ. ಕಟ್ಟರ್ ಓಡಿಸಿದರೆ ಅದರ ನಡುಕ ಸೇರಿ ಕಾಲುವೆ 6.1 ಆಗುತ್ತದೆ, ಕೀ ಒಳಗೆ ಕುಣಿಯುತ್ತದೆ, ಪುಲ್ಲಿ ತಟ್ಟಿ ತಟ್ಟಿ ಕಾಲುವೆಯನ್ನೇ ಹಿಗ್ಗಿಸುತ್ತದೆ. ಅದಕ್ಕೆ 5 ಮಿ.ಮೀ. ಎರಡು ಹಲ್ಲಿನ ಕಟ್ಟರ್ ತೆಗೆದುಕೊಳ್ಳಿ, 1,600 ಸುತ್ತು. ಶಾಫ್ಟಿನ ಪಕ್ಕಕ್ಕೆ ತೆಳು ಕಾಗದದ ಚೂರನ್ನು ಎಣ್ಣೆಯಲ್ಲಿ ಅಂಟಿಸಿ, ಕಟ್ಟರ್ ಕಾಗದವನ್ನು ಎಳೆದ ಕ್ಷಣ ಡಯಲ್ ಸೊನ್ನೆ ಮಾಡಿ. ಕಟ್ಟರ್ ಮೇಲೆತ್ತಿ 12.5 ಮಿ.ಮೀ. ಮತ್ತು ಕಾಗದದ ದಪ್ಪದಷ್ಟು ಒಳಕ್ಕೆ ಸರಿಸಿದರೆ ನಡುಗೆರೆ. ಸಲಕ್ಕೆ 0.3–0.5 ಮಿ.ಮೀ. ಆಳದಂತೆ 3.5ಕ್ಕೆ ಇಳಿಸಿ. ಆಮೇಲೆ ಎರಡೂ ಪಕ್ಕಕ್ಕೆ 0.5ರ ಹತ್ತಿರ ಹೋಗಿ, ಕೀ ಹಿಡಿದು ನೋಡುತ್ತ ಮಿ.ಮೀ.ನ ಕೊನೆಯ ನೂರನೇ ಭಾಗಗಳನ್ನು ತೆಗೆಯಿರಿ. ಕೀ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಇಳಿಯಬೇಕು, ಬೆರಳಿಗೆ ಬೀಳಬಾರದು. ಪುಲ್ಲಿಯ ಒಳಗಿನ ಕೀವೇ ಮಾತ್ರ ಈ ಯಂತ್ರದಲ್ಲಿ ಆಗುವುದಿಲ್ಲ, ಅದಕ್ಕೆ ಬ್ರೋಚ್ ಅಥವಾ ಸ್ಲಾಟಿಂಗ್ ಮಷೀನೇ ಬೇಕು.

ಚಕ್ರದಲ್ಲಿ 0.1–0.2 ಮಿ.ಮೀ. ಪ್ಲೇ ಇರುವುದು ಈ ವರ್ಗದಲ್ಲಿ ಸಹಜ. ಅಳತೆಗೆ ಯಾವಾಗಲೂ ಒಂದೇ ದಿಕ್ಕಿನಿಂದ ಬನ್ನಿ. ದಾಟಿ ಹೋದರೆ ಒಂದು ಸುತ್ತು ಹಿಂದೆ ಹೋಗಿ ಮತ್ತೆ ಬನ್ನಿ. ಐಟಿಐಯಲ್ಲಿ ಹೇಳಿಕೊಡುವ ಅಪ್ ಮಿಲ್ಲಿಂಗ್ ರೀತಿಯಲ್ಲೇ, ಕಟ್ಟರಿನ ಸುತ್ತಿಗೆ ಎದುರಾಗಿ ಫೀಡ್ ಕೊಡಿ. ಡೌನ್ ಮಿಲ್ಲಿಂಗಿನಲ್ಲಿ ಕಟ್ಟರ್ ಟೇಬಲನ್ನು ಪ್ಲೇ ಇದ್ದಷ್ಟೂ ತಟಕ್ಕನೆ ಎಳೆದುಕೊಂಡು ಹಲ್ಲು ಮುರಿಯುತ್ತದೆ. ಬೇಡದ ದಿಕ್ಕಿನ ಜಿಬ್ (ಜಾರುವ ದಾರಿಯ ಸಡಿಲ ತೆಗೆಯುವ ಪಟ್ಟಿ) ಬಿಗಿದಿಟ್ಟರೆ ಅರ್ಧ ನಡುಕ ಅಲ್ಲೇ ಹೋಯಿತು.

ಗ್ಲೌಸ್ ಹಾಕಿಕೊಂಡು ತಿರುಗುವ ಕಟ್ಟರಿನ ಬಳಿ ಕೈ ಒಯ್ಯಬೇಡಿ. ಚಿಪ್ ತೆಗೆಯಲು ಬ್ರಷ್, ಕಣ್ಣಿಗೆ ಕನ್ನಡಕ.

ಕರೆಂಟು, ಸಿಡಿಲು, ಕಕ್ಕಡ

ಟ್ರಾನ್ಸ್‌ಫಾರ್ಮರಿನಿಂದ ದೂರದ ತೋಟದ ಮನೆಯಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತದೆ. ಮಿನಿ ಮಿಲ್ಲಿನ ವೇಗ ನಿಯಂತ್ರಣದ ಬೋರ್ಡು ಆಗ ತೊದಲುತ್ತದೆ, ಭಾರ ಹಾಕಿದರೆ ಫ್ಯೂಸ್ ಹೋಗುತ್ತದೆ. 500 ವ್ಯಾಟ್ ಯಂತ್ರಕ್ಕೆ 1 ಕೆವಿಎ ಸ್ಟೆಬಿಲೈಸರ್ ಕನಿಷ್ಠ, 1.5 ಕಿಲೋವ್ಯಾಟ್ ಸ್ಪಿಂಡಲ್ಲಿನ 6040ಕ್ಕೆ 3 ಕೆವಿಎಗಿಂತ ಕಡಿಮೆ ಬೇಡ. ಮನೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಯಾವುದನ್ನೂ ಜೋಡಿಸಬೇಡಿ.

ಕೆಲಸದ ನಡುವೆ ಕರೆಂಟು ಹೋದರೆ ಏನಾಗುತ್ತದೆ ಎಂಬುದರಲ್ಲಿ ಮೂರಕ್ಕೂ ಅಂತರ ದೊಡ್ಡದು. ಮಿನಿ ಮಿಲ್ ನಿಂತಲ್ಲೇ ನಿಲ್ಲುತ್ತದೆ. ಕರೆಂಟು ಬರುವ ಮೊದಲೇ ಸ್ವಿಚ್ ಆರಿಸಿ ಕಟ್ಟರನ್ನು ಹಿಂದೆಳೆದು ಕಾಯಬಹುದು, ಡಯಲಿನ ಓದು ಹಾಗೇ ಇರುತ್ತದೆ. ಸಿಎನ್‌ಸಿಗೆ ತಾನೆಲ್ಲಿದ್ದೇನೆ ಎಂಬುದು ಮರೆತುಹೋಗುತ್ತದೆ. ಸಿಎನ್‌ಸಿ ನಡೆಸುವ ಜಿಆರ್‌ಬಿಎಲ್ ಬೋರ್ಡು ಕರೆಂಟು ಬಂದಾಗ ನಿಂತ ಜಾಗವನ್ನೇ ಸೊನ್ನೆ ಎಂದುಕೊಳ್ಳುತ್ತದೆ. ಯಂತ್ರದ ಮೂಲ ಸ್ಥಾನ ಗುರುತಿಸುವ ಹೋಮಿಂಗ್ ಸ್ವಿಚ್ ಇದ್ದರೆ, ಕೆಲಸದ ಸೊನ್ನೆಯನ್ನು ಜಿ54 ಕೋಡಿನಲ್ಲಿ ಉಳಿಸಿದ್ದರೆ, ಮತ್ತೆ ಹೋಮ್ ಮಾಡಿ ಬಿಟ್ಟ ಸಾಲಿನಿಂದ ಮುಂದುವರಿಸಬಹುದು. ಜಿ92ರಲ್ಲಿ ಕೊಟ್ಟ ಸೊನ್ನೆ ಉಳಿಯುವುದಿಲ್ಲ. ಅಗ್ಗದ 3018 ಕಿಟ್ಟುಗಳಲ್ಲಿ ಆ ಸ್ವಿಚ್ಚುಗಳೇ ಇರುವುದಿಲ್ಲ, ಮೂರು ಸ್ವಿಚ್ ಸೇರಿಸುವುದು ದೊಡ್ಡ ಖರ್ಚಲ್ಲ. ಏಪ್ರಿಲ್–ಮೇ ಗುಡುಗಿನ ದಿನಗಳಲ್ಲಿ ಪ್ಲಗ್ ಜೊತೆ ಯುಎಸ್‌ಬಿ ಕೇಬಲನ್ನೂ ಕೀಳಿ. ಸಿಡಿಲು ಅದರ ಮೂಲಕವೂ ಬೋರ್ಡಿನಿಂದ ಲ್ಯಾಪ್‌ಟಾಪಿಗೆ ದಾಟುತ್ತದೆ.

ತುಕ್ಕಿನ ಮಾತಿಗೆ ಬಂದರೆ ಮಿನಿ ಮಿಲ್ಲಿಗೇ ಕಷ್ಟ ಹೆಚ್ಚು. ತಣ್ಣಗಿನ ಬೀಡುಕಬ್ಬಿಣದ ಮೇಲೆ ಬೆಚ್ಚನೆಯ ಒದ್ದೆ ಗಾಳಿ ಸೋಕಿದರೆ ಬೆವರು ಕೂರುತ್ತದೆ. ಜುಲೈ–ಆಗಸ್ಟಿನ ಕಕ್ಕಡದ ಮಳೆಯಲ್ಲಿ ಒಂದು ರಾತ್ರಿ ಸಾಕು, ಟೇಬಲ್ ಕೆಂಪಾಗಲು. ಪ್ಲಾಸ್ಟಿಕ್ ಹೊದಿಸಿದರೆ ಆ ತೇವ ಒಳಗೇ ಸಿಕ್ಕಿಕೊಂಡು ಇನ್ನೂ ಕೆಡುತ್ತದೆ. ಮರದ ಪೆಟ್ಟಿಗೆ ಮಾಡಿಸಿ, ಯಂತ್ರದ ಅಡಿಭಾಗದಲ್ಲಿ 40 ವ್ಯಾಟಿನ ಹಳೇ ತಂತಿ ಬಲ್ಬು ಉರಿಸಿ. ಎಲ್‌ಇಡಿ ಪ್ರಯೋಜನವಿಲ್ಲ, ಬೇಕಿರುವುದು ಬಿಸಿ. ಕಬ್ಬಿಣ ಸುತ್ತಲ ಗಾಳಿಗಿಂತ ಕೊಂಚ ಬೆಚ್ಚಗಿದ್ದರೆ ನೀರು ಕೂರುವುದಿಲ್ಲ. ಕೆಲಸ ಮುಗಿದ ಮೇಲೆ ವಿಜಿ 68 ಸ್ಲೈಡ್‌ವೇ ಎಣ್ಣೆ ಸವರಿ. ಗೇರು, ಬೆಲ್ಟು, ಫ್ಯೂಸು, ಕಾರ್ಬನ್ ಬ್ರಷ್ ಇವನ್ನು ಮೇ ಮುಗಿಯುವುದರೊಳಗೆ ತರಿಸಿಡಿ. ಮಳೆಯಲ್ಲಿ ರಸ್ತೆ ಕುಸಿದರೆ ಕೊರಿಯರ್ ಯಾವಾಗ ಬರುತ್ತದೋ ಹೇಳಲಾಗದು.

ಹೊಸದೋ ಹಳೆಯದೋ

ಹೊಸದಕ್ಕೆ ದರ ಕೇಳುವಾಗ ಶೇ. 18 ಜಿಎಸ್‌ಟಿ ಸೇರಿದೆಯೇ, ಸಾಗಣೆ ಯಾವ ಊರಿನವರೆಗೆ ಎಂದು ಬರೆಸಿಕೊಳ್ಳಿ. ಕುಶಾಲನಗರದ ಗೋದಾಮಿನಿಂದ ತೋಟದ ಮನೆಗೆ ಜೀಪಿನಲ್ಲಿ ತರುವ ಕೆಲಸ ನಿಮ್ಮದೇ ಆಗಬಹುದು. ಮಿನಿ ಮಿಲ್ಲಿನ ಹೆಡ್ ಬಿಚ್ಚಿ ಬೇರೆಯಾಗಿ ಒಯ್ದರೆ ಇಬ್ಬರಿಗೆ ಎತ್ತಲು ಸುಲಭ. ಬಂದ ಯಂತ್ರದ ಮೇಲಿನ ಕೆಂಪು ಗ್ರೀಸು ತುಕ್ಕು ತಡೆಯಲು ಹಚ್ಚಿದ್ದು, ಜಾರುವ ಎಣ್ಣೆಯಲ್ಲ. ಸೀಮೆಎಣ್ಣೆಯಿಂದ ಪೂರ್ತಿ ತೊಳೆದು, ಒರೆಸಿ, ಎಣ್ಣೆ ಹಾಕಿದ ಮೇಲೆಯೇ ಚಕ್ರ ತಿರುಗಿಸಿ. ಇಟ್ಟಿಗೆ ಕಟ್ಟಿ ಮೇಲೆ ಗ್ರಾನೈಟ್ ಚಪ್ಪಡಿ ಹಾಸಿದ ಕಟ್ಟೆ ಅದಕ್ಕೆ ಯಾವ ಮರದ ಮೇಜಿಗಿಂತಲೂ ಒಳ್ಳೆಯ ಪೀಠ.

ಹಳೆಯದನ್ನು ನೋಡಲು ಹೋಗುವಾಗ ಡಯಲ್ ಗೇಜ್ ಜೇಬಿನಲ್ಲಿರಲಿ. ಟೇಬಲ್ಲಿಗೆ ಗೇಜ್ ತಾಗಿಸಿ ಚಕ್ರವನ್ನು ಹಿಂದುಮುಂದು ಮಾಡಿ: ಪ್ಲೇ 0.3 ಮಿ.ಮೀ. ದಾಟಿದರೆ ನಟ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಟೇಬಲನ್ನು ನಡುವೆ ಮತ್ತು ಎರಡೂ ತುದಿಗೆ ಓಡಿಸಿ. ನಡುವೆ ಸಡಿಲ, ತುದಿಯಲ್ಲಿ ಬಿಗಿ ಎಂದಾದರೆ ಟೇಬಲ್ ಜಾರುವ ದಾರಿ ಸವೆದಿದೆ, ಜಿಬ್ ಬಿಗಿದು ಅದು ಸರಿಹೋಗುವುದಿಲ್ಲ. ಸ್ಪಿಂಡಲನ್ನು ಪೂರ್ತಿ ವೇಗದಲ್ಲಿ ಹತ್ತು ನಿಮಿಷ ಓಡಿಸಿ ಬೇರಿಂಗ್ ಜಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬಿಟ್ಟು ಬನ್ನಿ. ಟೇಬಲ್ಲಿನ ಮೇಲೆ ಯಾರೋ ಡ್ರಿಲ್ ಇಳಿಸಿದ ಒಂದೆರಡು ಗುಂಡಿಗಳಿದ್ದರೆ ಅದು ನೋಟಕ್ಕೆ ಕೆಟ್ಟದ್ದಷ್ಟೇ, ಅದನ್ನೇ ತೋರಿಸಿ ಚೌಕಾಸಿ ಮಾಡಿ.